'ಮಯೂರ' ಚಿತ್ರ ಇತಿಹಾಸಕ್ಕೆ ಎಷ್ಟು ನಿಷ್ಠವಾಗಿದೆ?

ನನ್ನ ಮೆಚ್ಚಿನ ಹಳೆಯ ಐತಿಹಾಸಿಕ ಚಿತ್ರ 1975ರ 'ಮಯೂರ', ಕದಂಬ ರಾಜವಂಶದ ಸ್ಥಾಪಕ ಮಯೂರಶರ್ಮನ ಕಥೆ. ರಾಜ್ಯೋತ್ಸವ ಬಂತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಇಂದಿಗೂ ಅದರ ಹಾಡು ಮೊಳಗುತ್ತದೆ. ಆದರೆ ದೇವುಡು ಅವರ ಕಾದಂಬರಿಯನ್ನು ಆಧರಿಸಿದ ಅದರ ಕಥೆಯನ್ನು ಹಾಗೆಯೇ ಚರಿತ್ರೆಯೆಂದು ಒಪ್ಪುವಂತಿಲ್ಲ.

ಕದಂಬರ ಮೂಲವನ್ನು ತಿಳಿಯಲು ನಮಗಿರುವ ಮುಖ್ಯ ಆಧಾರ ಶಿವಮೊಗ್ಗ ಜಿಲ್ಲೆಯ ತಾಳಗುಂದ ಸ್ತಂಭಶಾಸನ. ಅದೂ ಮಯೂರಶರ್ಮನ ವಂಶಜರೇ ತಲೆಮಾರುಗಳ ನಂತರ ಬರೆಸಿದ್ದು ಎಂಬುದನ್ನು ಮರೆಯಬಾರದು. ಅದರ ಪ್ರಕಾರ ಮಯೂರಶರ್ಮ ಬ್ರಾಹ್ಮಣ ಕುಲದವನು. ಗುರು ವೀರಶರ್ಮನೊಂದಿಗೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋಗಿದ್ದಾಗ ಅಲ್ಲಿನ ಅರಸರಾದ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ದರ್ಭೆ, ಸಮಿತ್ತು, ತುಪ್ಪದ ಸೌಟುಗಳನ್ನು ಹಿಡಿದು ಪಳಗಿದ್ದ ಕೈಯಿಂದಲೇ ಅವನು ಖಡ್ಗವನ್ನು ಹಿರಿದನು. ಚಿತ್ರವಾದರೋ ಅವನನ್ನು ಹುಟ್ಟಿನಿಂದಲೇ ಕದಂಬ ರಾಜಕುಮಾರನನ್ನಾಗಿ ಮಾಡುತ್ತದೆ. ನನ್ನ ದೃಷ್ಟಿಯಲ್ಲಿ ಇದು ನಷ್ಟವೇ ಸರಿ, ಏಕೆಂದರೆ ಸಿಂಹಾಸನದ ಹಕ್ಕೇ ಇಲ್ಲದ ವಿದ್ಯಾರ್ಥಿಯೊಬ್ಬ ರಾಜ್ಯ ಕಟ್ಟಿದ ಸಂಗತಿ ಹೆಚ್ಚು ಸೋಜಿಗದ್ದು.

ಪಲ್ಲವರೊಡನೆ ಹುಟ್ಟಿದ ಹಗೆಯನ್ನೂ ಹೊಸ ರಾಜ್ಯದ ಉದಯವನ್ನೂ ಚಿತ್ರ ಸರಿಯಾಗಿಯೇ ಹಿಡಿದಿದೆ. ಆದರೆ ಶಾಸನ ಹೇಳುವಂತೆ, ಶ್ರೀಪರ್ವತದ (ಶ್ರೀಶೈಲ) ಕಾಡುಗಳಲ್ಲಿ ನೆಲೆನಿಂತು ಬೃಹದ್ಬಾಣರೆಂಬ ಅರಸರಿಂದ ಕಪ್ಪ ಪಡೆಯುತ್ತಿದ್ದ ಮಯೂರಶರ್ಮನನ್ನು ಗೆಲ್ಲುವುದು ಕಷ್ಟವೆಂದರಿತ ಪಲ್ಲವರು ಅವನೊಡನೆ ಸಖ್ಯ ಬೆಳೆಸಿದರು, ಕೊನೆಗೆ ತಾವೇ ಅವನಿಗೆ ಪಟ್ಟ ಕಟ್ಟಿದರು.