ಸಾಮಾನು ಹೇರಿದ ಹಿಮಾಲಯನ್ ತಿರುವಿನಲ್ಲಿ ಹೊರಕ್ಕೆ ಹೋಗುವುದೇಕೆ?

ಹಿಂಬದಿ ಸವಾರರೂ ಪೆಟ್ಟಿಗೆಗಳೂ ಇದ್ದಾಗ ನಿಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್ ಘಾಟಿಯ ತಿರುವುಗಳಲ್ಲಿ ಗೆರೆ ಬಿಟ್ಟು ಹೊರಕ್ಕೆ ಹೋಗುತ್ತದೆ, ಹೊಸ ಸಸ್ಪೆನ್ಷನ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಅಷ್ಟು ಖರ್ಚಿಗೆ ಇಳಿಯುವ ಮೊದಲು ಹಿಂದಿನ ಸ್ಪ್ರಿಂಗಿನ ಪ್ರಿಲೋಡ್, ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಎಷ್ಟು ಒತ್ತಿ ಬಿಗಿ ಮಾಡಿದೆ ಎಂಬುದನ್ನು ನೋಡಿ.

ಭಾರಕ್ಕೆ ಹಿಂಭಾಗ ಕುಸಿದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಓರೆ ಹೆಚ್ಚುತ್ತದೆ, ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಹಾಗಾಗಿಯೇ ಬೈಕ್ ತಿರುಗಲು ಒಲ್ಲದು. ಈ ಬೈಕಿನ ಹಿಂದಿನ ಚಕ್ರಕ್ಕೆ ಮೇಲೆ-ಕೆಳಗೆ 180 ಮಿ.ಮೀ. ಚಲನೆಯಿದೆ. ಪೂರ್ತಿ ಸಾಮಾನಿನೊಂದಿಗೆ ಇಬ್ಬರೂ ಕುಳಿತಾಗ ಅದರಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ 60 ಮಿ.ಮೀ. ಆಸುಪಾಸು ಕುಸಿಯಬೇಕು. ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಪ್ರಿಲೋಡನ್ನು ಕೊನೆಯವರೆಗೆ ಬಿಗಿಗೊಳಿಸಿದರೂ ಕುಸಿತ ಹೆಚ್ಚೇ ಇದ್ದರೆ ಆಗ ಮಾತ್ರ ಗಟ್ಟಿ ಸ್ಪ್ರಿಂಗ್ ಬೇಕು.

ಟೈರಿನ ಮಾತು. ಹೆದ್ದಾರಿಯಲ್ಲೇ ಹೆಚ್ಚು ಓಡಿದ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿರುತ್ತದೆ. ಬೈಕ್ ವಾಲುವಾಗ ಮೊದಲು ತಡೆದು, ಆಮೇಲೆ ಥಟ್ಟನೆ ಬದಿಗೆ ವಾಲಿಬಿಡುತ್ತದೆ. ಟೈರಿನ ಮೇಲ್ಮೈ ಗೀರುಗಳ ಆಳ ಉಳಿದಿದ್ದರೂ ಅಂಥ ಟೈರನ್ನು ಬದಲಿಸಿ. ನೋಡಲು ಚೆನ್ನ ಎಂದು ಈಗಿರುವ 120/90-17 ಅಳತೆಯ ಹಿಂದಿನ ಟೈರಿನ ಜಾಗಕ್ಕೆ ಅಗಲದ ಟೈರ್ ಹಾಕಿಸಬೇಡಿ, ದಯವಿಟ್ಟು. 21 ಇಂಚಿನ ಮುಂಚಕ್ರ ಮೊದಲೇ ನಿಧಾನವಾಗಿ ತಿರುಗುವಂಥದ್ದು; ಹಿಂದೆಯೂ ಅಗಲವಾದರೆ ಬೈಕ್ ಇನ್ನಷ್ಟು ಮೊಂಡಾಗುತ್ತದೆ.

ಬ್ರೇಕ್ ಹಿಡಿದಾಗ ಮುಂಭಾಗ ತೀರಾ ಬಗ್ಗುತ್ತಿದ್ದರೆ ಫೋರ್ಕಿನ ಆಯಿಲ್ ಬದಲಿಸಿ ನೋಡಿ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗಲೇ, ಕೈಪಿಡಿಯಲ್ಲಿ ಇಬ್ಬರ ಸವಾರಿಗೆ ಹೇಳಿರುವಷ್ಟು ತುಂಬಿಸಿ.