ವಜ್ರಾಸನದಲ್ಲಿ ಕೂರಲಾಗದ ಯೋಗ ಶಿಕ್ಷಕಿ

ಪ್ರಶ್ನೆ: ನನಗೆ 47 ವರ್ಷ. ಎಂಟು ವರ್ಷಗಳಿಂದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪ್ರತಿದಿನ ಬೆಳಿಗ್ಗೆ ಆರಕ್ಕೆ ಯೋಗ ಮತ್ತು ಸರಳ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಬರುವ ಹದಿನಾಲ್ಕು ಮಂದಿಯಲ್ಲಿ ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ನಾಲ್ಕು ವರ್ಷಗಳ ಹಿಂದೆ ನನಗೆ ರುಮಟಾಯ್ಡ್ ಸಂಧಿವಾತ ಇರುವುದು ಗೊತ್ತಾಯಿತು. ಅದಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಬೆರಳು ಮಡಚಲು ಒಂದು ಗಂಟೆಯಾದರೂ ಬೇಕಾಗುವುದರಿಂದ ನಾಲ್ಕೂವರೆಗೇ ಎದ್ದು ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತೇನೆ. ತರಗತಿಯಲ್ಲಿ ಯಾರಿಗೂ ಹೇಳಿಲ್ಲ. ಮೊನ್ನೆ ಹಿರಿಯರೊಬ್ಬರು, "ಟೀಚರ್, ಈಚೆಗೆ ನೀವು ವಜ್ರಾಸನದಲ್ಲಿ ಕೂರುವುದೇ ಇಲ್ಲವಲ್ಲ" ಎಂದಾಗ, ಮಂಡಿಗೆ ಪೆಟ್ಟಾಗಿದೆ ಎಂದು ಸುಳ್ಳು ಹೇಳಿದೆ. "ನಿನ್ನ ನೋವೇ ವಾಸಿಯಾಗಿಲ್ಲ, ಬೇರೆಯವರಿಗೆ ಏನು ಕಲಿಸುತ್ತೀ" ಎನ್ನುತ್ತಾರೆ ಯಜಮಾನರು. ನಾನು ಮೋಸ ಮಾಡುತ್ತಿದ್ದೇನೆಯೇ? ಬಿಟ್ಟುಬಿಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ತರಗತಿಯನ್ನು ಬಿಡಬೇಡಿ, ಮುಚ್ಚಿಡುವುದನ್ನು ಬಿಡಿ. ಕಾಯಿಲೆ ಇದ್ದೂ ಕಲಿಸುವುದು ಮೋಸವಲ್ಲ. ಮಂಡಿಯ ಸುಳ್ಳು ಕೂಡ ದೊಡ್ಡ ಪಾಪವೇನಲ್ಲ. ಆದರೆ ಅದು ನಿಮ್ಮ ತರಗತಿಯಲ್ಲಿ ಮಾಡುತ್ತಿರುವ ಕೆಲಸದ ಬಗ್ಗೆ ನನಗೆ ಆತಂಕವಿದೆ. ಅರವತ್ತು ದಾಟಿದ ಹೆಂಗಸಿಗೆ ಎಲ್ಲಿ ನಿಲ್ಲಿಸಬೇಕೆಂದು ಹೊರಗಿನಿಂದ ನೋಡಿ ಹೇಳಲು ಯಾವ ಶಿಕ್ಷಕಿಗೂ ಪೂರ್ತಿಯಾಗಿ ಸಾಧ್ಯವಿಲ್ಲ. "ಇಲ್ಲಿ ನೋಯುತ್ತಿದೆ" ಎಂಬ ಅವರ ಮಾತನ್ನೇ ನೀವು ನಂಬಿಕೊಳ್ಳಬೇಕು. ಜೀವಮಾನವಿಡೀ ನೋವನ್ನು ಸೆರಗಿನೊಳಗೆ ಕಟ್ಟಿಕೊಂಡು ಬಂದ ಆ ಪೀಳಿಗೆಯವರು, ಎದುರಿಗೆ ಟೀಚರೇ ತುಟಿ ಕಚ್ಚಿ ನಗುತ್ತಿರುವಾಗ, ಆ ಮಾತನ್ನು ಎಂದೂ ಆಡುವುದಿಲ್ಲ.

ನಿಮ್ಮ ಯಜಮಾನರ ತರ್ಕದ ಹಿಂದೆ, ಯೋಗ ಶಿಕ್ಷಕರ ದೇಹವೇ ಯೋಗಕ್ಕೆ ಜಾಹೀರಾತಾಗಿರಬೇಕು ಎಂಬ ನಮ್ಮೆಲ್ಲರ ನಿರೀಕ್ಷೆಯಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದ್ದವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಅಭ್ಯಾಸಕ್ಕೆ ನಿಂತಾಗ ಅವರ ದೇಹ ಬಗ್ಗಲು ಒಪ್ಪುತ್ತಿರಲಿಲ್ಲ. ಮುಂದೆ ಕುರ್ಚಿ, ಬೆಲ್ಟು, ಮರದ ಇಟ್ಟಿಗೆಗಳನ್ನು ಯೋಗಶಾಲೆಯೊಳಗೆ ತಂದವರೂ ಅವರೇ. ಆದರೆ ಈ ಉದಾಹರಣೆಯನ್ನು "ಯೋಗದಿಂದ ಕಾಯಿಲೆ ಗೆದ್ದರು" ಎಂಬ ಅರ್ಥದಲ್ಲಿ ತರಗತಿಯಲ್ಲಿ ಹೇಳಬೇಡಿ. ನಿಮ್ಮ ಕಾಯಿಲೆಯನ್ನು ಹಿಡಿದಿಟ್ಟಿರುವುದು ಔಷಧ, ವ್ಯಾಯಾಮ ಅದರ ಜೊತೆಗಾರ. ಇದನ್ನು ಬಿಡಿಸಿ ಹೇಳದಿದ್ದರೆ ಆ ಹದಿನಾಲ್ಕು ಮಂದಿಯಲ್ಲಿ ಒಬ್ಬರಾದರೂ ನಿಮ್ಮನ್ನು ನೋಡಿ ತಮ್ಮ ಬಿಪಿ ಮಾತ್ರೆ ನಿಲ್ಲಿಸಿಯಾರು.

ಇನ್ನು ಸಮಯದ ವಿಷಯ. ಈ ಕಾಯಿಲೆಯಲ್ಲಿ ಕೀಲಿನ ಬಿಗಿತ ಬೆಳಗಿನ ಜಾವದಲ್ಲೇ ಹೆಚ್ಚು, ಅಂದರೆ ನಿಮ್ಮ ದಿನದ ಅತ್ಯಂತ ಕೆಟ್ಟ ಗಂಟೆಯನ್ನೇ ನೀವು ತರಗತಿಗೆ ಇಟ್ಟಿದ್ದೀರಿ. ಯೋಗವೆಂದರೆ ಬ್ರಾಹ್ಮೀ ಮುಹೂರ್ತವೇ ಆಗಬೇಕೆಂಬ ಹಟ ಬೇಡ. ಹತ್ತೂವರೆಗೋ ಸಂಜೆ ಐದಕ್ಕೋ ಬದಲಿಸಿದರೆ ಇಬ್ಬರು ಮೂವರು ಬಿಟ್ಟುಹೋಗಬಹುದು. ಮಂಡಿ ಸವೆದವರಿಗೂ ಎದ್ದೊಡನೆ ಸ್ವಲ್ಪ ಹೊತ್ತು ಬಿಗಿತ ಇರುವುದರಿಂದ ಉಳಿದವರು ಒಳಗೊಳಗೇ ಸಂತೋಷಪಟ್ಟಾರು.

ಎಲ್ಲವನ್ನೂ ನೀವೇ ಮಾಡಿ ತೋರಿಸಬೇಕೆಂಬುದೂ ಅಭ್ಯಾಸ ಬಲ, ಅಷ್ಟೆ. ವಾರಕ್ಕೊಬ್ಬರನ್ನು ಮುಂದೆ ನಿಲ್ಲಿಸಿ, ನೀವು ಮಾತಿನಲ್ಲಿ ಹೇಳಿಕೊಡಿ: ಮಂಡಿ ಪಾದದ ಬೆರಳಿನ ದಿಕ್ಕಿಗೇ ಇರಲಿ, ಉಸಿರು ಹಿಡಿಯಬೇಡಿ, ಹೀಗೆ. ಚಾಪೆಯ ಮೇಲೆ ಕೂತಿದ್ದಾಗ ಕಾಣದಿದ್ದದ್ದು ಸಾಲುಗಳ ನಡುವೆ ಓಡಾಡುವಾಗ ಕಾಣುತ್ತದೆ. ಗೋಡೆಗೆ ಆನಿಸಿಟ್ಟ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು, ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು ಈ ವಯಸ್ಸಿಗೆ ವಜ್ರಾಸನಕ್ಕಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹಿರಿಯರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕು ಎನ್ನುತ್ತದೆ. ದೀರ್ಘಕಾಲದ ಕಾಯಿಲೆ ಇರುವವರನ್ನೂ ಅದು ಹೊರಗಿಟ್ಟಿಲ್ಲ.

ನಿಮ್ಮ ದೇಹಕ್ಕೂ ಕೆಲವು ನಿಯಮಗಳು ಬೇಕು. ಬಿಸಿಯಾಗಿ ಊದಿಕೊಂಡಿರುವ ಕೀಲಿನ ಮೇಲೆ ಭಾರ ಹಾಕದೆ, ನೋಯದಷ್ಟು ಮಾತ್ರ ಮೆಲ್ಲಗೆ ಆಡಿಸಿ. ಸೂರ್ಯ ನಮಸ್ಕಾರದಲ್ಲಿ ಅಂಗೈ ಊರುವ ಬದಲು ಗೋಡೆಗೆ ಮುಂಗೈ ಆನಿಸಿಕೊಳ್ಳಬಹುದು. ರುಮಟಾಯ್ಡ್ ಇರುವವರಲ್ಲಿ ಕುತ್ತಿಗೆಯ ಮೇಲ್ಭಾಗದ ಕೀಲು ಸಡಿಲವಾಗುವ ಸಾಧ್ಯತೆ ಇರುವುದರಿಂದ, ಶೀರ್ಷಾಸನ ಮತ್ತು ಸರ್ವಾಂಗಾಸನಗಳ ಬಗ್ಗೆ ನಿಮ್ಮ ರುಮಟಾಲಜಿಸ್ಟ್ (ಸಂಧಿವಾತ ತಜ್ಞರ) ಹತ್ತಿರ ಕೇಳಿ ತಿಳಿಯುವವರೆಗೆ ಅವುಗಳ ಗೊಡವೆಯೇ ಬೇಡ. ವ್ಯಾಯಾಮ ಮುಗಿದು ಎರಡು ಗಂಟೆಯಾದರೂ ನೋವು ಮೊದಲಿಗಿಂತ ಹೆಚ್ಚೇ ಇದ್ದರೆ ಅಂದು ಅತಿಯಾಯಿತೆಂದು ತಿಳಿದು, ಮರುದಿನ ಕಡಿಮೆ ಮಾಡಿ. ಮೈ ಹಗುರವಾಗಿದ್ದ ದಿನ ಬಾಕಿಯನ್ನೆಲ್ಲ ತೀರಿಸಹೊರಟು ಮೂರು ದಿನ ಮಲಗುವುದೇ ಈ ಕಾಯಿಲೆ ಇರುವವರು ಸಾಮಾನ್ಯವಾಗಿ ಮಾಡುವ ತಪ್ಪು, ನೀವೂ ಮಾಡಿರುತ್ತೀರಿ.

ಯಜಮಾನರ ಮಾತು ಒರಟಾಗಿದೆ, ಆದರೆ ಅವರು ನೋಡುತ್ತಿರುವುದು ನಿಮ್ಮ ತರಗತಿಯನ್ನಲ್ಲ, ನಾಲ್ಕೂವರೆಯ ಬಿಸಿನೀರನ್ನು. ಮುಂದಿನ ಬಾರಿ ಡಾಕ್ಟರ ಬಳಿ ಅವರನ್ನೂ ಕರೆದೊಯ್ದು, "ಇವಳು ಕಲಿಸಬಹುದೇ, ಎಷ್ಟು?" ಎಂದು ಅವರಿಂದಲೇ ಕೇಳಿಸಿ. ವಾರಕ್ಕೆ ಮೂರೇ ದಿನ ಎಂದರೆ ಮೂರೇ ದಿನ ಇರಲಿ.

ತರಗತಿಗೆ ದೀರ್ಘ ವಿವರಣೆ ಬೇಕಿಲ್ಲ. "ನನಗೆ ಸಂಧಿವಾತವಿದೆ, ಔಷಧ ನಡೆಯುತ್ತಿದೆ, ಕೆಲವು ದಿನ ಕೂತೇ ಹೇಳಿಕೊಡುತ್ತೇನೆ, ನಿಮಗೆ ನೋಯಿತೆಂದರೆ ನೀವೂ ನನ್ನ ಹಾಗೆಯೇ ಬಾಯಿಬಿಟ್ಟು ಹೇಳಬೇಕು" ಎಂದರೆ ಸಾಕು. ಮನೆಮದ್ದಿನ ಸಲಹೆಗಳು ಹತ್ತಾರು ಬರುತ್ತವೆ, ನಕ್ಕು ಕೇಳಿಸಿಕೊಳ್ಳಿ. ಆದರೆ ಅದಕ್ಕೂ ಮೊದಲು, ವಜ್ರಾಸನದ ಬಗ್ಗೆ ಕೇಳಿದ ಆ ಹಿರಿಯರಿಗೆ ಒಬ್ಬರಿಗೇ, ತರಗತಿ ಶುರುವಾಗುವ ಹತ್ತು ನಿಮಿಷ ಮುಂಚೆ ಹೇಳಿ. ಮಂಡಿಯ ಪೆಟ್ಟಿನ ಕತೆ ಕೇಳಿ ಅವರು ಇಷ್ಟರಲ್ಲಿ ಎಣ್ಣೆಯೋ ಲೇಪವೋ ತಂದಿಟ್ಟುಕೊಂಡಿರಬಹುದು.