ಗಾಳದ ಹೊಂಡ ಬೇರೆ, ಸಾಕಣೆ ಹೊಂಡ ಬೇರೆ

ಪ್ರಶ್ನೆ: ನಾವಿರೋದು ಜೆ.ಪಿ. ನಗರದಲ್ಲಿ. ಹಾರೋಹಳ್ಳಿ ಹತ್ತಿರ ಐದು ಎಕರೆ ಜಮೀನಿದೆ. ಅದರಲ್ಲಿ ಅರ್ಧ ಎಕರೆಗೆ ಹೊಂಡ ತೋಡಿಸಿ, ಭಾನುವಾರ ಮಕ್ಕಳ ಜೊತೆ ಗಾಳ ಹಾಕಿಕೊಂಡು ಕೂರುವ ಆಸೆ. ಕೃಷಿ ಹೊಂಡ ಮಾಡಿಕೊಡುವವರೊಬ್ಬರು ಬಂದು ನೋಡಿದರು. "ಚೌಕವಾಗಿ ತೋಡಿ, ಪ್ಲಾಸ್ಟಿಕ್ ಶೀಟ್ ಹಾಸಿ, ಸಾವಿರ ಮರಿ ಬಿಡಿ, ಮುಗೀತು" ಅಂದರು. ಅಷ್ಟೇನಾ?

ಉತ್ತರ: ಅವರು ಹೇಳಿದ್ದು ಸಾಕಣೆ ಹೊಂಡದ ಲೆಕ್ಕ. ಎಕರೆಗೆ ಸುಮಾರು 2,000 ಮರಿ ಬಿಟ್ಟು, ವರ್ಷಕ್ಕೊಮ್ಮೆ ಬಲೆ ಎಳೆದು ಮಾರುವವರಿಗೆ ಅದು ಸರಿ. ನಿಮಗೆ ಬೇಕಿರೋದು ಬೆಂಡು ಮುಳುಗಿದಾಗ ಕೈಗೆ ಸಿಗುವ ಜಗ್ಗಾಟ. ಅದಕ್ಕೆ ಮೀನು ಕಡಿಮೆ ಇರಬೇಕು, ದೊಡ್ಡದಿರಬೇಕು.

ಮೊದಲು ನೀರಿನ ವಿಷಯ. ಎಲ್ಲರೂ ಎಡವೋದು ಇಲ್ಲೇ. ಅರ್ಧ ಎಕರೆ ಅಂದರೆ ಸುಮಾರು 2,000 ಚದರ ಮೀಟರ್. ಸರಾಸರಿ 2 ಮೀಟರ್ ಆಳ ಇಟ್ಟುಕೊಂಡರೆ 40 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್‌ನಲ್ಲಿ ತುಂಬಿಸ್ತೀನಿ ಅಂದರೆ ಆರುನೂರಕ್ಕೂ ಜಾಸ್ತಿ ಟ್ಯಾಂಕರ್ ಬೇಕು. ತುಂಬಿಸಿದರೂ ನಿಲ್ಲಬೇಕಲ್ಲ? ನಮ್ಮ ಕಡೆ ದಿನಕ್ಕೆ ಸುಮಾರು 5 ಮಿ.ಮೀ. ನೀರು ಆವಿಯಾಗುತ್ತದೆ ಅಂತಿಟ್ಟುಕೊಳ್ಳಿ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಿಮ್ಮ ಹೊಂಡದಲ್ಲಿ ಅದು ದಿನಕ್ಕೆ 10,000 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳೋದು 970 ಮಿ.ಮೀ. ಆಸುಪಾಸಿನ ಮಳೆ. ಹೊಂಡದ ಮೇಲೆ ನೇರ ಬೀಳುವ ಮಳೆ ಆವಿಯಾಗುವ ನೀರಿನ ಅರ್ಧಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಉಳಿದದ್ದು ಸುತ್ತಲಿನ ಜಮೀನಿನಿಂದ ಹರಿದು ಬರಬೇಕು.

ಹಾಗಾಗಿ ಮೊದಲ ಕೆಲಸ ಜೆಸಿಬಿ ಕರೆಸೋದಲ್ಲ. ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಜಮೀನು ಸುತ್ತಿ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ನೋಡಿ. ಸೆಪ್ಟೆಂಬರ್, ಅಕ್ಟೋಬರ್ ಇದಕ್ಕೆ ಒಳ್ಳೆಯ ಕಾಲ. ನೀರು ಸೇರುವ ತಗ್ಗಿನಲ್ಲೇ ಹೊಂಡ ಬರಬೇಕು. ಚರಂಡಿ ನೀರು ಬೆರೆಯುವ ಕಾಲುವೆಯಾದರೆ ಅದರ ಸಹವಾಸವೇ ಬೇಡ. ನನ್ನ ಕೇಳಿದರೆ ಅರ್ಧ ಎಕರೆಯ ಆಸೆ ಬಿಟ್ಟು ಕಾಲು ಎಕರೆಗೆ ಇಳಿಯಿರಿ. ಆವಿಯಾಗುವ ನೀರು ಅರ್ಧಕ್ಕೆ ಇಳಿಯುತ್ತದೆ, ಉಳಿದ ದುಡ್ಡನ್ನು ಆಳಕ್ಕೆ ಹಾಕಬಹುದು.

ಇನ್ನು ಮಣ್ಣು. ಮೂರು ಕಡೆ ಗುಂಡಿ ತೋಡಿಸಿ ನೋಡಿ. ಆ ಭಾಗದಲ್ಲಿ ಆರಡಿಗೇ ಬಂಡೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಗುಂಡಿಯ ಮಣ್ಣನ್ನು ಒದ್ದೆ ಮಾಡಿ ಉಂಡೆ ಕಟ್ಟಿ, ಮೇಲೆಸೆದು ಹಿಡಿಯಿರಿ. ಒಡೆಯದಿದ್ದರೆ ಜೇಡಿ ಇದೆ ಅಂತ ಅರ್ಥ. ಗುಂಡಿಗೆ ನೀರು ತುಂಬಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಒಂದಿಷ್ಟು ಇಳಿದಿದ್ದರೆ ಮತ್ತೆ ತುಂಬಿ ನೋಡಿ. ಎರಡನೇ ಸಲವೂ ಖಾಲಿಯಾದರೆ ಆ ನೆಲ ನೀರು ಹಿಡಿಯೋದಿಲ್ಲ. ನಮ್ಮ ಕೆಂಪು ಮಣ್ಣು ಬಹಳ ಕಡೆ ಹೀಗೇ.

ಆಗ ಎರಡು ದಾರಿ. ಒಂದು, ಕೆರೆಯ ಗೋಡು ಮಣ್ಣು ತಂದು, ಅಡಿ ದಪ್ಪ ಹಾಸಿ, ನೀರು ಚಿಮುಕಿಸಿ ರೋಲರ್ ಓಡಿಸೋದು. ಇನ್ನೊಂದು, 500 ಮೈಕ್ರಾನ್ ಶೀಟ್. ಶೀಟ್ ಹಾಕುವುದಾದರೆ ಅದರ ಮೇಲೆ ಅರ್ಧ ಅಡಿ ಮಣ್ಣು ಬರಲೇಬೇಕು. ಬರೀ ಪ್ಲಾಸ್ಟಿಕ್ ಮೇಲೆ ಹುಳ ಹುಪ್ಪಟೆ ಬೆಳೆಯೋದು ಕಷ್ಟ, ಮೀನಿಗೆ ಕೆದಕಲು ಏನೂ ಇರೋದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿದ್ದ ಮಗುವಿಗೆ ಶೀಟ್ ಹತ್ತಿ ಬರಲು ಆಗೋದಿಲ್ಲ. ದೊಡ್ಡವರಿಗೂ ಕಷ್ಟವೇ. ಏರಿ ಇಳಿಜಾರು ಮೂರಕ್ಕೆ ಒಂದು ಇರಲಿ, ಅಂದರೆ ಮೂರಡಿ ಮುಂದೆ ಹೋದರೆ ಒಂದಡಿ ಇಳಿಯಬೇಕು. ಆಗಲೇ ಮಣ್ಣೂ ಜಾರದೆ ನಿಲ್ಲುತ್ತದೆ. ಸುತ್ತ ಬೇಲಿ, ಅಲ್ಲಲ್ಲಿ ಕಟ್ಟಿದ ಹಗ್ಗ ಮತ್ತು ಹಳೇ ಟೈರು ಖಂಡಿತ ಬೇಕು.

ಆಕಾರ ಚೌಕ ಬೇಡ. ಮೀನು ಓಡಾಡೋದು ಹೆಚ್ಚಾಗಿ ಅಂಚಿನಲ್ಲಿ. ಅಂಚು ಅಂಕುಡೊಂಕಾದಷ್ಟೂ ಮೀನಿಗೆ ಜಾಗ ಹೆಚ್ಚು, ನಿಮಗೂ ಗಾಳ ಹಾಕಲು ಮೂಲೆಗಳು ಹೆಚ್ಚು. ಒಂದು ತುದಿ 10-12 ಅಡಿ ಆಳ ಇರಲಿ, ಏಪ್ರಿಲ್ ಬಿಸಿಲಲ್ಲಿ ಮೀನು ಅಲ್ಲಿಗೆ ಇಳಿಯುತ್ತದೆ. ಮಿಕ್ಕ ಕಡೆ ನಾಲ್ಕೈದು ಅಡಿ. ದಡದ ಪಕ್ಕ ಎರಡಡಿ ಆಳದ ಒಂದು ಮೆಟ್ಟಿಲು ಬಿಟ್ಟರೆ ಬೆಳಗ್ಗೆ, ಸಂಜೆ ಗೆಂಡೆ ಮೀನು (ಕಾಮನ್ ಕಾರ್ಪ್) ಅಲ್ಲಿ ಮೇಯಲು ಬರುತ್ತದೆ. ನೀರು ತುಂಬುವ ಮೊದಲೇ ನಾಲ್ಕೈದು ಸಿಮೆಂಟ್ ಪೈಪು, ಒಂದೆರಡು ಮರದ ಬೊಡ್ಡೆ ಕೆಳಗಿಡಿ. ಮೀನು ಅಡಗಲು ಮನೆ ಬೇಕಲ್ವಾ? ಆದರೆ ನೀವು ಕೂರುವ ಜಾಗದ ಎದುರಿಗೇ ಇಡಬೇಡಿ. ದಾರ ಸಿಕ್ಕಿಕೊಂಡು ಗಾಳವೆಲ್ಲ ಅಲ್ಲೇ ಉಳಿಯುತ್ತದೆ. ಇದನ್ನು ನಾನು ಸ್ವಂತ ದುಡ್ಡಲ್ಲಿ ಕಲಿತೆ.

ಏರಿ ಮೇಲೆ ಮರ ಬೇಡ, ಬೇರಿನ ಸಂದಿಯಿಂದ ನೀರು ಸೋರುತ್ತದೆ. ತಾವರೆ ಬೇಕೇ ಬೇಕು ಅಂದರೆ ಕುಂಡದಲ್ಲಿ ಇಳಿಸಿ. ನೀರು ಮುಚ್ಚುವಷ್ಟು ಹಬ್ಬುವ ಅಂತರಗಂಗೆ ಕಳೆಯನ್ನಂತೂ ಒಂದು ಗಿಡವೂ ತರಬೇಡಿ.

ಮೀನಿಗೆ ಬರೋಣ. ಕಾಲು ಎಕರೆಗೆ ಕಾಟ್ಲಾ 40, ರೋಹು 40, ಗೆಂಡೆ 30, ಕಳೆ ತಿನ್ನಲು ಹುಲ್ಲುಗೆಂಡೆ ಐದಾರು. ಸಾಕು. ಕಾಟ್ಲಾ ಮೇಲ್ಮಟ್ಟದಲ್ಲಿ, ರೋಹು ನಡುವೆ, ಗೆಂಡೆ ತಳದಲ್ಲಿ ಮೇಯುತ್ತವೆ. ಗೆಂಡೆಯಲ್ಲಿ ಅಮೂರ್ ತಳಿ ಸಿಕ್ಕಿದರೆ ಅದನ್ನೇ ತನ್ನಿ. ಮಾಮೂಲಿ ಗೆಂಡೆ ಚಿಕ್ಕದಿರುವಾಗಲೇ ಮೊಟ್ಟೆ ತುಂಬಿಕೊಂಡು ಬೆಳವಣಿಗೆ ನಿಧಾನ ಮಾಡುತ್ತದೆ, ಇದು ಹಾಗಲ್ಲ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಬೆರಳುದ್ದಕ್ಕಿಂತ ದೊಡ್ಡ ಮರಿಗಳನ್ನೇ ಬಿಡಿ, ಸಣ್ಣವನ್ನು ನೀರುಕಾಗೆ ಉಳಿಸೋದಿಲ್ಲ. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡೋದಿಲ್ಲ. ಹಿಡಿದಷ್ಟನ್ನು ಮತ್ತೆ ತಂದು ಬಿಡಬೇಕು. ಜಿಲೇಬಿ ಮೀನು (ತಿಲಾಪಿಯಾ) ಮಾತ್ರ ಬೇಡ. ಅದು ಮರಿ ಮೇಲೆ ಮರಿ ಹಾಕಿ, ಎರಡು ವರ್ಷದಲ್ಲಿ ಹೊಂಡದ ತುಂಬ ಅಂಗೈಯಗಲದ ಮೀನೇ ಆಗುತ್ತದೆ. ಗಾಳಕ್ಕೆ ಸಿಗೋದೂ ಬರೀ ಅದೇ.

ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮ ಬೆರೆಸಿ, ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೊಡಿ. ಮೀನು ಆ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಭಾನುವಾರ ಗಾಳ ಹಾಕೋದಾದರೆ ಶನಿವಾರ ಮೇವು ನಿಲ್ಲಿಸಿ. ಮೊದಲ ವರ್ಷ ಮಾತ್ರ ಸುಮ್ನೆ ದಡದಲ್ಲಿ ಕೂತು ನೋಡಿ. ಮಕ್ಕಳಿಗೆ ಇದನ್ನು ಒಪ್ಪಿಸೋದು ಹೊಂಡ ತೋಡಿಸೋದಕ್ಕಿಂತ ಕಷ್ಟ, ಗೊತ್ತು.

ಪ್ರಶ್ನೆ: ದೇವನಹಳ್ಳಿ ಬಳಿಯ ನಮ್ಮ ತೋಟದ ಹೊಂಡದಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಬಿಸಿಲೇರಿದರೆ ಸರಿಹೋಗುತ್ತವೆ. ಹಸಿವಾ?

ಉತ್ತರ: ಹಸಿವಲ್ಲ, ಉಸಿರಾಟದ ತೊಂದರೆ. ನೀರಿನ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಬೆಳಗಿನ ಜಾವಕ್ಕೆ ಎಲ್ಲ ಖಾಲಿ. ಮೋಡ ಮುಚ್ಚಿದ ದಿನಗಳಲ್ಲಿ ಇನ್ನೂ ಕೆಟ್ಟದ್ದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು. ಕೊಳಚೆ ಸೇರಿದ ನೀರಲ್ಲಿ ಆಮ್ಲಜನಕ ಕುಸಿದರೆ ಹಾಗಾಗುತ್ತದೆ. ಇಂದೇ ಮೇವು ನಿಲ್ಲಿಸಿ, ಹೊಂಡಕ್ಕೆ ಗೊಬ್ಬರವಾಗಿ ಸಗಣಿ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ಹೊಂಡದ ನೀರನ್ನೇ ಪಂಪಿನಲ್ಲಿ ಎತ್ತಿ ಮೇಲಿಂದ ಚಿಮ್ಮಿಸಿ. ಮಧ್ಯರಾತ್ರಿ ಕಳೆದ ಮೇಲೆ ಶುರು ಮಾಡಿ ಬೆಳಕಾಗುವವರೆಗೆ ಓಡಲಿ. ಬೋರ್‌ವೆಲ್ ನೀರನ್ನು ನೇರ ಬಿಡಬೇಡಿ, ಅದರಲ್ಲೂ ಆಮ್ಲಜನಕ ಕಡಿಮೆ. ಕಲ್ಲಿನ ಮೇಲೆ ಬಿದ್ದು ಹರಿದು ಬರಲಿ. ಮುಂದಕ್ಕೆ ಒಂದು ಪರೀಕ್ಷೆ: ಮೊಣಕೈವರೆಗೆ ಕೈ ಮುಳುಗಿಸಿ. ಅದಕ್ಕೆ ಮೊದಲೇ ಅಂಗೈ ಕಾಣದಾದರೆ ಹಸಿರು ಜಾಸ್ತಿಯಾಗಿದೆ.

ಪ್ರಶ್ನೆ: ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತದಂತೆ, ಗಾಳಕ್ಕೂ ಚೆನ್ನಾಗಿ ಎಳೆಯುತ್ತದಂತೆ. ಹತ್ತಿಪ್ಪತ್ತು ಬಿಡಬಹುದಾ?

ಉತ್ತರ: ಬೇಡ. ಅದರ ಸಾಕಣೆ ನಮ್ಮಲ್ಲಿ ನಿಷೇಧ. ಕೈಗೆ ಸಿಕ್ಕ ಮೀನನ್ನೆಲ್ಲ ತಿನ್ನುತ್ತದೆ, ಜೋರು ಮಳೆಯಲ್ಲಿ ಹೊಂಡ ಕೋಡಿ ಬಿದ್ದರೆ ಹೊರಗೂ ಹೋಗುತ್ತದೆ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಕಟ್ಟಿದವು. ಒಂದು ಹೊಂಡದಿಂದ ತಪ್ಪಿಸಿಕೊಂಡದ್ದು ಎಷ್ಟು ಕೆರೆ ದಾಟುತ್ತದೋ ಹೇಳಲಾಗದು. ಯಾವ ಮೀನೇ ಬಿಡಿ, ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಮಳೆಗಾಲದಲ್ಲಿ ಕಸ ಕಟ್ಟದಂತೆ ವಾರಕ್ಕೊಮ್ಮೆ ತೆಗೆಯಿರಿ.